ಈರಪ್ಪನ ಕರಿಹಲಗೆ

ಲಾರಿ ಕಂಪನಿಯ ಹುಬ್ಬಳ್ಳಿಯ ಹೊಸ ಶಾಖೆಯನ್ನು ಮಾಲೀಕ ಕುಬೇರಪ್ಪ ತನ್ನ ಅಳಿಯನಿಗೆ ಕೊಟ್ಟದ್ದು ಈರಪ್ಪನಿಗೆ ಅಷ್ಟಾಗಿ ಚುಚ್ಚಲಿಲ್ಲ. ಅಳಿಯ ಅಂದಮೇಲೆ ಕೊಡಲೇಬೇಕು. ಚುಚ್ಚಿದ್ದು ಆಮೇಲಿನ ಮಾತು. "ಈರಪ್ಪ ಗುಡಗೇರ್ಯಾಗ ಇರ್ಲಿ. ಬೋರ್ಡ್ ಬರಿಯಾಕ ಒಬ್ಬಾಂವ ಬೇಕಲ್ಲ" ಎಂದು ಕುಬೇರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹಮಾಲರ ಎದುರಿಗೇ ಅಂದುಬಿಟ್ಟಿದ್ದ.

ಬೋರ್ಡು ಬರೆಯುವುದಂತೆ! ಹದಿನಾರು ವರ್ಷ ಆ ಲಾರಿ ಕಂಪನಿ ಓಡಿದ್ದು ಈರಪ್ಪನ ಕರಿಹಲಗೆಯ ಮೇಲೆ. ವರ್ಗವಾದ ಮಾಸ್ತರು, ಬ್ಯಾಂಕಿನವರು, ರೇಲ್ವೆಯವರು, ಇವರಲ್ಲಿ ಯಾರ ಮನೆಯ ಸಾಮಾನು ಯಾವ ದಿನ, ಯಾವ ಲಾರಿ, ಯಾವ ಡ್ರೈವರ, ಯಾವ ನಾಲ್ವರು ಹಮಾಲರು ಎಂದು ಸೀಮೆಸುಣ್ಣದಲ್ಲಿ ಬರೆಯುವವನು ಅವನು. ಕುರ್ಚಿ ಬಿಟ್ಟೇಳದೆ ಯಾವ ಗಾಲಿ ಎಲ್ಲಿ ಉರುಳುತ್ತಿದೆ ಎಂದು ಹೇಳಬಲ್ಲವನು. ಸ್ವಂತದ್ದೊಂದು ಲಾರಿ ಇದ್ದಿದ್ದರೆ ಈ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲುವ ಕರ್ಮ ಯಾಕೆ ಬರುತ್ತಿತ್ತು? ಅಂದಿನಿಂದ ಅವನಿಗೆ ರೊಟ್ಟಿ ರುಚಿಸಲಿಲ್ಲ.

ಎಂಬತ್ನಾಲ್ಕರ ಶ್ರಾವಣದಲ್ಲಿ ದೇವರೇ ದಾರಿ ತೋರಿದ. ಕುಬೇರಪ್ಪ ತಾನೇ ಕುಬಿಹಾಳದ ಮನೆ ಬಿಟ್ಟು ಹುಬ್ಬಳ್ಳಿಗೆ ಹೊರಟ. ಅವನ ಹೆಂಡತಿ ಗುರವ್ವನಿಗೆ ತವರಿನವರು ಕೊಟ್ಟ ಬೆಳ್ಳಿ ಸಾಮಾನು ಒಂದು ಟ್ರಂಕಿನ ತುಂಬ ಇತ್ತು. ಮಾರಿದರೆ ಹಳೆಯ ಲಾರಿಯೊಂದು ಬರುತ್ತದೆ. "ನಮ್ಮ ಮನಿ ಸಾಮಾನಿಗೆ ಯಾದಿ ಯಾಕೋ?" ಎಂದು ಕುಬೇರಪ್ಪನೇ ಪಟ್ಟಿ ಮಾಡುವುದು ಬೇಡವೆಂದ.

ಈರಪ್ಪ ಹಲಗೆಯ ಮೇಲೆ ರವಿವಾರದ ಸಾಲು ಬರೆದ. ಕುಬಿಹಾಳದ ಕೆಸರು ದಾರಿಗೆ ಸಣ್ಣ ಲಾರಿ. ಹನ್ನೊಂದಕ್ಕೆ ಅದು ಗುಡಗೇರಿಯ ಗೋದಾಮಿನಲ್ಲಿ ಸಾಮಾನು ಇಳಿಸಿ, ಅದೇ ಹಮಾಲರನ್ನು ಹೊತ್ತು ಕುಂದಗೋಳಕ್ಕೆ ಹೋಗಬೇಕು. ಹನ್ನೆರಡಕ್ಕೆ ಡ್ರೈವರ ಬಾಷಾಸಾಬ ದೊಡ್ಡ ಲಾರಿಯಲ್ಲಿ ಬೇರೆ ಹಮಾಲರನ್ನು ಕರೆದುಕೊಂಡು ಅಣ್ಣಿಗೇರಿಯಿಂದ ಬಂದು ಎಲ್ಲ ತುಂಬಿಕೊಂಡು ಹೋಗಬೇಕು. ಇಳಿಸಿದವರಿಗೆ ಏರಿಸಿದ್ದು ಗೊತ್ತಿಲ್ಲ, ಏರಿಸಿದವರಿಗೆ ಇಳಿಸಿದ್ದು ಗೊತ್ತಿಲ್ಲ. ನಡುವಿನ ಒಂದು ತಾಸು ಈರಪ್ಪನದು.

ಕಳವಾದರೆ ಕಳ್ಳ ಬೇಕು. ಲಾರಿಗೆ ನಂಬರು ಇರುತ್ತದೆ. ಊರಿನ ಟ್ರ್ಯಾಕ್ಟರುಗಳು ಮೂರೇ, ಯಾರವೆಂದು ಕೂಸಿಗೂ ಗೊತ್ತು. ಎತ್ತಿನ ಗಾಡಿಗೆ ಮಾತ್ರ ಹೆಸರಿಲ್ಲ, ನಂಬರಿಲ್ಲ. ರವಿವಾರವೂ ಸುತ್ತಲ ಹಳ್ಳಿಗಳಿಂದ ಕಾಳು ಹೇರಿಕೊಂಡು ಗಾಡಿಗಳು ಬರುತ್ತವೆ. ಅವುಗಳಲ್ಲಿ ಒಂದು, ಬಿಳಿ ಎತ್ತಿನದು, ಹೊಡೆಯುವವನು ತಲೆ ಮೇಲೆ ಕಂಬಳಿ ಕೊಪ್ಪೆ ಹೊದ್ದವನು, ಗೋದಾಮಿನ ಹಿಂದೆ ನಿಂತಿತ್ತು ಎಂದರೆ ಮುಗಿಯಿತು. ಹುಡುಕಿಕೊಳ್ಳಲಿ.

ಶುಕ್ರವಾರ ಗುರವ್ವ ತಾನೇ ಆಫೀಸಿಗೆ ಬಂದಳು.

"ಈರಪ್ಪಾ, ರವಿವಾರ ಬ್ಯಾಡೋ. ಶ್ರಾವಣ ಸೋಮವಾರ ಹೊಸ ಮನ್ಯಾಗ ಹಾಲು ಉಕ್ಕಿಸೂಣು."

"ಆತ್ರೀ ಅವ್ವಾರ."

ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಈರಪ್ಪ ರವಿವಾರದ ಸಾಲು ಒರೆಸಿ ಸೋಮವಾರದ ಕೆಳಗೆ ಇದ್ದದ್ದನ್ನು ಇದ್ದಂತೆಯೇ ಬರೆದ. ಅದೇ ಲಾರಿ, ಅದೇ ಹಮಾಲರು, ಅದೇ ತಾಸು. ಹಲಗೆಯ ಮೇಲಿಲ್ಲದ ಗಾಡಿಯನ್ನೂ ಮನಸ್ಸಿನಲ್ಲೇ ಒಂದು ದಿನ ಮುಂದಕ್ಕೆ ಸರಿಸಿದ. ಇದಕ್ಕೆ ಬುದ್ಧಿ ಬೇಕು, ಅಳಿಯನಾದರೆ ಸಾಲದು.

ಸೋಮವಾರ ಅವನು ಎಂದಿನಂತೆ ಒಪ್ಪತ್ತು ಹಿಡಿದ. ಮಿಂದು, ವಿಭೂತಿ ಹಚ್ಚಿ, ಬಸವಣ್ಣನ ಗುಡಿಗೆ ಹೋಗಿಬಂದ. ದಾರಿಯಲ್ಲಿ ಮೈ ತೊಳೆಸಿಕೊಂಡು ಮೇಯುತ್ತಿದ್ದ ಎತ್ತುಗಳಿಗೂ ಕೈಮುಗಿದ. ಆಮೇಲೆ ಎಲ್ಲ ಹಲಗೆಯ ಪ್ರಕಾರವೇ ನಡೆಯಿತು. ಹನ್ನೊಂದೂವರೆಗೆ ಟ್ರಂಕನ್ನು ಗೋಣಿತಾಟಿನ ಮೇಲೆ ಎಳೆದು ಗೋದಾಮಿನ ಬಾಜೂಕಿನ, ಹಳೆಯ ಟೈರು ಇಡುವ ಖೋಲಿಗೆ ಹಾಕಿ, ಹಳೆಯ ತಾಡಪತ್ರಿ ಮುಚ್ಚಿ, ಕೀಲಿ ಜಡಿದ. ಸಂಜೆ ಒಪ್ಪತ್ತು ಬಿಟ್ಟಾಗ ನಾಲ್ಕು ರೊಟ್ಟಿ ಇಳಿದವು.

ಹುಬ್ಬಳ್ಳಿಯಲ್ಲಿ ಟ್ರಂಕು ಇಳಿಯದ್ದರಿಂದ ಮಂಗಳವಾರ ಪೊಲೀಸ್ ಠಾಣೆಯಿಂದ ಫೌಜದಾರ ಬಂದ. ಜೊತೆಗೆ ಕುಬೇರಪ್ಪ, ಅತ್ತು ಕಣ್ಣು ಬಾತ ಗುರವ್ವ. ಈರಪ್ಪ ಅವಸರ ಮಾಡಲಿಲ್ಲ. ಕೇಳಿದ ಮೇಲೆಯೇ ಹೇಳಿದ.

"ಫೋನ್ ಮಾಡಾಕ ರೇಲ್ವೆ ಸ್ಟೇಶನ್ನಿಗೆ ಹೋಗಿದ್ನಿರಿ. ಬರೂದ್ರಾಗ ಗೋದಾಮಿನ ಹಿಂದ ಒಂದು ಚಕ್ಕಡಿ ಹೊಂಟಿತ್ತು. ಕೊಪ್ಪಿ ಹಾಕಿದ್ದ, ಮಾರಿ ಕಾಣ್ಲಿಲ್ಲ."

"ಖರೇ ನೋಡೀರೇನು?"

"ಖರೇರಿ. ಬಿಳಿ ಎತ್ತು. ಕೊರಳ ಗಂಟಿ ಸಪ್ಪಳ ಇನ್ನೂ ಕಿವಿಯೊಳಗ ಐತಿ."

ಫೌಜದಾರ ಗಂಟೆಯ ಸಪ್ಪಳವನ್ನೂ ಬರೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಬಾಷಾಸಾಬ ಯಾರ ಮೇಲೂ ಸಂಶಯಪಡುವ ಮನುಷ್ಯನಲ್ಲ. ಅವನಿಗೆ ಬರೀ ಆಶ್ಚರ್ಯವಾಗಿತ್ತು. "ನಿನ್ನಿ ಸೋಮವಾರ ಅಲ್ಲೇನ್ರಿ ಈರಪ್ಪಣ್ಣ? ಬಸವಣ್ಣನ ವಾರ, ಯಾರು ಗಾಡಿ ಹೂಡ್ಯಾರರಿ? ನಮ್ಮ ಮನ್ಯಾಗೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಅದೂ ಶ್ರಾವಣದಾಗ! ಯಾ ಊರ ಗಾಡೀರಿ ಅದು?" ಗುರವ್ವ ಅಳುವುದನ್ನು ನಿಲ್ಲಿಸಿದಳು. ಈರಪ್ಪ ಹಲಗೆಯ ಕಡೆ ತಿರುಗಿದ. ಸೋಮವಾರದ ಕೆಳಗೆ ಅವನದೇ ದುಂಡು ಅಕ್ಷರಗಳಿದ್ದವು, ಒಂದೂ ತಪ್ಪಿರಲಿಲ್ಲ. ಫೌಜದಾರ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಬಾಗಿಲಾಚೆ ಕೀಲಿ ಜಡಿದ ಟೈರಿನ ಖೋಲಿಯನ್ನೂ ಈರಪ್ಪನ ಉಡದಾರಕ್ಕೆ ನೇತಾಡುತ್ತಿದ್ದ ಕೀಲಿಕೈಯನ್ನೂ ನೋಡಿ ಕೈಚಾಚಿದ. "ಬಾಜೂಕಿನ ಖೋಲಿದು ಅಲ್ಲೇನು? ಕೊಡ್ರಿ ಇಲ್ಲೆ."