ದೀಪದ ಗೂಡಿನಲ್ಲಿ ಸಿಕ್ಕ ಸರ

"ಐದು ಜನರ ಒಡವೇಲಿ ನನ್ನ ಸರ ಒಂದೇ ಯಾಕೆ ಹೋಯ್ತು?"

1998ರ ನವೆಂಬರ್ 16, ಬೆಳಿಗ್ಗೆ 10.20. ಕೃಷ್ಣರಾಜಪುರ ಠಾಣೆಯ ಬೆಂಚಿನ ಮೇಲೆ ಕುಳಿತ ವೇದಾ ಗೋಡೆ ನೋಡುತ್ತಾ ಹೇಳಿಕೊಂಡರು.

ವಿಮಾ ನೌಕರರ ಕಾಲೊನಿಯವರು ಭಾನುವಾರ ತುಂಗಭದ್ರೆಯ ದಂಡೆಯಲ್ಲಿರುವ ಗುಹೆ ನೋಡಲು ಬಸ್ಸು ಮಾಡಿಕೊಂಡು ಹೋಗಿದ್ದರು. ಗುಹೆಯೊಳಗೆ ಎದೆಮಟ್ಟ ನದಿನೀರು. ಐವರು ಹೆಂಗಸರು ಒಡವೆಗಳನ್ನು ಒಂದೇ ವಸ್ತ್ರದಲ್ಲಿ ಸುತ್ತಿ, ದಾರ ಬಿಗಿದು ಬಸ್ಸಿನಲ್ಲಿಟ್ಟಿದ್ದರು. ಊರಿಗೆ ಮರಳಿ ದಾರ ಕತ್ತರಿಸಿ ನೋಡಿದಾಗ ವೇದಾ ಅವರ ಎರಡೆಳೆ ಸರ ಇರಲಿಲ್ಲ.

ಇನ್‌ಸ್ಪೆಕ್ಟರ್ ಶಿವಪುತ್ರ ಎಫ್‌ಐಆರ್ ದಾಖಲಿಸಿ ಆ ದಾರ ತರಿಸಿದರು. ಹೆಡ್ ಕಾನ್‌ಸ್ಟೆಬಲ್ ಮುನಿಆಂಜನಪ್ಪ ಅದನ್ನು ಬೆಳಕಿಗೆ ಹಿಡಿದರು.

"ಇದು ಹೂ ಕಟ್ಟೋರ ಗಂಟು ಸಾರ್. ನಮ್ಮಮ್ಮ ಹಿಂಗೇ ಸುರುಳಿ ಹಾಕಿ ಎಳೀತಿದ್ರು."

"ನಾನು ಬರೀ ಎರಡು ಗಂಟು ಹಾಕಿದ್ದೆ," ಎಂದರು ವೇದಾ. "ನಮ್ಮ ಜೊತೆ ಬಂದೋರಲ್ಲಿ ಹೂ ಕಟ್ಟೋಳು ಅಂದ್ರೆ ನಮ್ಮನೆ ಕೆಲಸದ ಆದಿಲಕ್ಷ್ಮಿ. ಅವಳಾ? ನನ್ನ ಮಗಳು ಚಿನ್ಮಯೀನ ಎತ್ತಿ ಆಡಿಸಿದೋಳು."

ಮಧ್ಯಾಹ್ನ ಶಿವಪುತ್ರ ಬಸ್ಸಿನ ಚಾಲಕ ಅಮೀರ್‌ನನ್ನು ಕರೆಸಿದರು.

"ಬಸ್ ಕೀ ಯಾರಿಗೆ ಕೊಟ್ಟೆ?"

"ಆದಿಲಕ್ಷ್ಮಕ್ಕನಿಗೆ. ಚಿನ್ಮಯಿ ಮಗೂಗೆ ಒಣಬಟ್ಟೆ ತರ್ಬೇಕು ಅಂದ್ರು."

"ಮಗೂಗೆ ಏನಾಗಿತ್ತು?"

"ಒಳಗೆ ಜಾರಿ ನೀರಲ್ಲಿ ಮುಳುಗಿಹೋಗಿತ್ತು ಸಾರ್. ದೀಪ ಹಿಡಿಯೋ ಜಟ್ಟೆಪ್ಪ ಎತ್ಕೊಂಡು ಬಂದ."

ವೇದಾ ತಲೆ ತಗ್ಗಿಸಿದರು. ದೂರಿನಲ್ಲಿ ಆ ಮಾತೇ ಇರಲಿಲ್ಲ.

ಮರುದಿನ ಗುಹೆಯ ಬಾಯಲ್ಲಿ, ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಜಟ್ಟೆಪ್ಪ ತಾನು ದೀಪ ಇಡುವ ಕಲ್ಲಿನ ಗೂಡು ತೋರಿಸಿದ. "ನಾ ಒಲ್ಲೆ ಅಂದೆರೀ. ಆಕಿ ಇಲ್ಲೇ ಇಟ್ಟು, ಕಾಲಿಗೆ ಬಿದ್ದು ಹೋದ್ಳು. ನಾ ಮುಟ್ಟಿಲ್ಲ." ಗೂಡಿನಲ್ಲಿದ್ದ ಸರದ ಮೇಲೆ ದೀಪದ ಮಸಿ ಕುಳಿತಿತ್ತು.

18ರ ಸಂಜೆ 4 ಗಂಟೆಗೆ ಆದಿಲಕ್ಷ್ಮಿಯ ಬಂಧನ. ಮಲ್ಲಿಗೆ ಕಟ್ಟುತ್ತಿದ್ದವಳು ಮಡಿಲಿನ ಬಾಳೆನಾರು ಕೊಡವಿ ಎದ್ದು ಠಾಣೆಗೆ ಬಂದಳು.

"ಮಗು ಉಳೀತು. ಇವ್ರು ಆಯಪ್ಪನ ಮುಖಾನೂ ನೋಡ್ಲಿಲ್ಲ. ಸುಮ್ನೆ ಹೆಂಗೆ ಬರೋದು ಸಾರ್? ನನ್ನ ಹತ್ರ ಏನೂ ಇರ್ಲಿಲ್ಲ. ಮಗೂನ ಹೆತ್ತೋರದ್ದೇ ಕೊಟ್ಟೆ."

ವೇದಾ ಅವಳ ಕೈ ಹಿಡಿದುಕೊಂಡರು. "ಹೆದ್ರಿಕೇಲಿ ನಂಗೇನೂ ತೋಚ್ಲಿಲ್ಲ ಕಣೆ. ಜಟ್ಟೆಪ್ಪನ ಹತ್ರ ನಾಳೇನೇ ಹೋಗ್ತೀನಿ." ಆಮೇಲೆ, ಠಾಣೆಯೆಂಬುದನ್ನೂ ಮರೆತು, ಮನೆಗೆಲಸದವಳಿಗೆ ಕೈಮುಗಿದು ನಿಂತರು.

ಶಿವಪುತ್ರ ಪೆನ್ನಿನ ಮುಚ್ಚಳ ತೆಗೆದರು. ಬಳಿಕ ಹೇಳಿಕೆಯ ಹಾಳೆ ಮುಂದಕ್ಕೆ ಎಳೆದುಕೊಂಡರು.

"ಕೊನೇಲಿ ತಪ್ಪಾಯ್ತು ಅಂತ ಒಂದು ಸಾಲು ಸೇರಿಸ್ತೀನಿ. ಕೋರ್ಟಲ್ಲಿ ನಿಂಗೇ ಅನುಕೂಲ. ಹ್ಞೂಂ ಅನ್ನಮ್ಮ."

"ತಗೊಂಡೆ ಅಂತ ಬರ್ಕೊಳ್ಳಿ ಸಾರ್. ತಪ್ಪಾಯ್ತು ಅಂತ ಬರೆದ್ರೆ ನಾನು ಹೆಬ್ಬೆಟ್ಟು ಒತ್ತಲ್ಲ."