ಉಪ್ಪಿನ ಗುಳಿಗೆ

2025ರ ಮಾರ್ಚ್ 12, ಬುಧವಾರ. ಬೆಳಿಗ್ಗೆ 9.40ಕ್ಕೆ ತುರ್ಭೆ ಠಾಣೆಗೆ ಬಂದ ದೂರು ಓದಿ ಇನ್‌ಸ್ಪೆಕ್ಟರ್ ಊರ್ಮಿಳಾ ರಾವ್ ಅವರಿಗೆ ನಗಬೇಕೋ ರೇಗಬೇಕೋ ತಿಳಿಯಲಿಲ್ಲ. ಕಳುವಾದದ್ದು ಒಂದು ಡಬ್ಬಿ ಬಿಳಿ ಪುಡಿ. ದೂರುದಾರ ನೆರೂಳದ ವಿಷ್ಣುಮೂರ್ತಿ. ಬಿಸಿಲಿನ ಕರೆಂಟನ್ನು ಕೂಡಿಡುವ ಬ್ಯಾಟರಿಗೆ ಹೊಸ ವಸ್ತು ತಯಾರಿಸುವ ಪ್ರಯೋಗಾಲಯದ ಮುಖ್ಯಸ್ಥರು.

"ಪಕ್ಕದಲ್ಲೇ ಕೋಬಾಲ್ಟ್ ಇತ್ತಂತಲ್ಲ, ಅದನ್ನು ಮುಟ್ಟಲಿಲ್ವಾ?"

"ಅದೇ ಆಶ್ಚರ್ಯ ಮೇಡಂ. ಬೆಲೆ ಇರುವುದು ಅದಕ್ಕೆ. ಇದು ಬರೀ ಲಿಥಿಯಂ ಕಾರ್ಬೊನೇಟ್. ಕೆಲಸದವರು ನಮಕ್, ಅಂದ್ರೆ ಉಪ್ಪು, ಅಂತಲೇ ಕರೆಯೋದು."

ಚಿನ್ನದಂಗಡಿಗೆ ನುಗ್ಗಿ ಕಸಬರಿಕೆ ಕದ್ದ ಹಾಗಾಯಿತಲ್ಲ, ಎಂದುಕೊಂಡೇ ಊರ್ಮಿಳಾ ಎಫ್‌ಐಆರ್ ದಾಖಲಿಸಿದರು.

11.15ಕ್ಕೆ ಪ್ರಯೋಗಾಲಯದಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಒಳಗಿನವನದೇ ಕೈವಾಡ. ಕುಂದಾಪುರದ ಕಡೆಯ ಹೆಡ್ ಕಾನ್‌ಸ್ಟೇಬಲ್ ಮೋಹನದಾಸ ಕಪಾಟಿನಡಿಗೆ ಕೈ ಹಾಕಿ ಒಂದು ಖಾಲಿ ಗುಳಿಗೆ ಪಟ್ಟಿ ಎಳೆದರು.

"ಉಪ್ಪು ತಿಂದವ ನೀರು ಕುಡಿಯಲೇಬೇಕಲ್ಲ ಮೇಡಂ. ಸಿಕ್ಕೇ ಸಿಕ್ತಾನೆ."

ಊರ್ಮಿಳಾ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಅದರ ಮೇಲೂ ಇಂಗ್ಲಿಷಿನಲ್ಲಿ ಲಿಥಿಯಂ ಕಾರ್ಬೊನೇಟ್ ಎಂದೇ ಇತ್ತು. ಪ್ರತಿ ಅಕ್ಷರದ ಕೆಳಗೂ ಪೆನ್ನಿನ ಚುಕ್ಕೆ. ಇಂಗ್ಲಿಷ್ ಓದಲು ಬಾರದ ಯಾರೋ ಒಂದೊಂದೇ ಅಕ್ಷರವನ್ನು ಡಬ್ಬಿಯ ಮೇಲಿನ ಚೀಟಿಗೆ ತಾಳೆ ಹಾಕಿ ನೋಡಿದ್ದ.

"ಇದು ಔಷಧಿಯೂ ಹೌದಾ?"

ವಿಷ್ಣುಮೂರ್ತಿ ಪಟ್ಟಿಯತ್ತ ಬಗ್ಗಿ ನೋಡಿದರು. "ಮನಸ್ಸಿನ ಕಾಯಿಲೆಗೆ ಕೊಡ್ತಾರೆ. ಆದರೆ ಅಳೆದು ತೂಗಿ, ರಕ್ತ ಪರೀಕ್ಷೆ ಮಾಡಿಸಿ. ಸ್ವಲ್ಪ ಹೆಚ್ಚಾದರೂ ವಿಷ."

"ಕಳುವಾದದ್ದು ಯಾವತ್ತು?"

"ಶನಿವಾರ ಮಧ್ಯಾಹ್ನದವರೆಗೂ ಇತ್ತು. ಕಪಾಟು ಮತ್ತೆ ತೆರೆದದ್ದು ಇವತ್ತೇ."

ಊರ್ಮಿಳಾ ಬೆರಳು ಮಡಚಿ ದಿನ ಎಣಿಸಿದರು. ನಾಲ್ಕು ದಿನದಿಂದ ಯಾರೋ ಈ ಪುಡಿ ನುಂಗುತ್ತಿದ್ದಾರೆ. ಆ ಜೀವ ಇನ್ನೂ ಇದೆಯೋ ಇಲ್ಲವೋ. ಹಾಜರಿ ಪುಸ್ತಕ ತರಿಸಿದರು. ಸೋಮವಾರದಿಂದ ಬಾರದವನು ಒಬ್ಬನೇ: ಲೋಡಿಂಗ್ ಕೆಲಸದ ಸೈದಪ್ಪ, ರಾಯಚೂರಿನವನು.

12.30. ಅವನಿದ್ದ ಕೊಳೆಗೇರಿಯ ಓಣಿಗೆ ಜೀಪು ಹೋಗುವಂತಿರಲಿಲ್ಲ, ಊರ್ಮಿಳಾ, ಮೋಹನದಾಸ ಇಬ್ಬರೂ ಓಡಿದರು. ಸೈದಪ್ಪ ಹೆಂಡತಿ ಮಾನಮ್ಮಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬಿನಿಂದ ನೀರು ಕುಡಿಸುತ್ತಿದ್ದ. ಅವಳ ಕೈಕಾಲು ನಡುಗುತ್ತಿದ್ದವು, ನಾಲಗೆ ತೊದಲುತ್ತಿತ್ತು. ಗೂಡಿನಲ್ಲಿ ಡಬ್ಬಿ ಇತ್ತು.

"ಎಷ್ಟು ಕೊಟ್ಟಿದ್ದೀಯ?"

"ಚಿಟಿಕಿ ಚಿಟಿಕಿ ಹಾಕೀನ್ರಿ. ಇದು ಒಂದ್ ನಮೂನಿ ಉಪ್ಪು, ಒಂದಿನಾನೂ ತಪ್ಪಿಸಬ್ಯಾಡ ಅಂತ ಡಾಕ್ಟರೇ ಅಂದಿದ್ರು."

"ಆಸ್ಪತ್ರೆಯಲ್ಲಿ ಗುಳಿಗೆ ಕೊಡಲಿಲ್ವಾ?"

"ಮೂರು ವಾರ ಆತ್ರಿ, ಸ್ಟಾಕ್ ಇಲ್ಲ, ನಾಳಿ ಬಾ ಅಂತಾರ. ಮೆಡಿಕಲ್‌ನ್ಯಾಗ ಹೊಸಾ ಚೀಟಿ ಕೇಳ್ತಾರ. ಗುಳಿಗಿ ನಿಂತ ಮ್ಯಾಲ ಹೋಗಿ ರೈಲಿನ ಹಳಿ ಮ್ಯಾಲ ಕುಂತಿದ್ಲು. ಎರಡು ಸಲ ಎಳಕೊಂಡು ಬಂದೀನ್ರಿ."

"ಹೀಗೆ ನಡುಗೋದು ಕಂಡ ಮೇಲಾದ್ರೂ ನಿಲ್ಲಿಸಬೇಕಿತ್ತಲ್ಲ?"

"ಔಷಧ ಕಡಿಮಿ ಬಿತ್ತೇನೋ ಅಂತ ಇನ್ನೊಂದ್ ಚಿಟಿಕಿ ಹಾಕಿದೆ."

ಊರ್ಮಿಳಾ ಡಬ್ಬಿಯನ್ನು ವಶಕ್ಕೆ ತೆಗೆದುಕೊಂಡರು. ಮೋಹನದಾಸ ಮಾನಮ್ಮಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. 1.20ಕ್ಕೆ ಅವಳು ಆಸ್ಪತ್ರೆಯಲ್ಲಿದ್ದಳು.

ಸಂಜೆ 4.50ಕ್ಕೆ ಡಾಕ್ಟರು ಹೊರಬಂದರು. ಡಯಾಲಿಸಿಸ್ ಶುರುವಾಗಿದೆ, ಜೀವ ಉಳಿಯಬಹುದು, ಮೂತ್ರಪಿಂಡದ ಮಾತು ಈಗಲೇ ಹೇಳಲಾಗದು ಎಂದರು. ಅಷ್ಟರಲ್ಲಿ ಓಡಿಬಂದ ವಿಷ್ಣುಮೂರ್ತಿ, "ನಾನು ದೂರು ವಾಪಸ್ ತಗೊಳ್ತೇನೆ ಮೇಡಂ" ಎಂದು ಕೈಮುಗಿದರು.

"ಎಫ್‌ಐಆರ್ ಆಗಿಬಿಟ್ಟಿದೆ. ಅದನ್ನು ಕೋರ್ಟಿನಲ್ಲಿ ಹೇಳಿ. ಖಂಡಿತ ಬಂದು ಹೇಳಿ."

5.10ಕ್ಕೆ ಆಸ್ಪತ್ರೆಯ ವರಾಂಡದಲ್ಲೇ ಸೈದಪ್ಪನ ಬಂಧನವಾಯಿತು. ಕೆಲಸದಾಳು ಮಾಲೀಕನ ಸ್ವತ್ತು ಕದ್ದ ಆರೋಪ. ಹೆಬ್ಬೆಟ್ಟು ಒತ್ತುವಾಗ ಅವನು ಜಾಮೀನಿನ ಮಾತೆತ್ತಲಿಲ್ಲ. ಹನ್ನೊಂದು ವರ್ಷದ ಕಾಯಿಲೆಯಲ್ಲಿ ಮಾನಮ್ಮ ತಾಯಿಯನ್ನೂ ನಂಬಿದವಳಲ್ಲ, ನರ್ಸನ್ನೂ ನಂಬಿದವಳಲ್ಲ. ಗುಳಿಗೆ ನುಂಗುತ್ತಿದ್ದುದು ಗಂಡನೊಬ್ಬನ ಕೈಯಿಂದ ಮಾತ್ರ. ಹೇಳಿಕೆಯ ಕೊನೆಯಲ್ಲಿ ಅವನು ಬರೆಸಿದ್ದು ಇಷ್ಟು:

"ಅಕಿಗೆ ಎಚ್ಚರ ಆದ್ರ, ಇದನ್ನ ಕೊಟ್ಟಾಂವ ನಾನು ಅಂತ ಹೇಳಬ್ಯಾಡ್ರಿ. ಗೊತ್ತಾದ್ರ ಇನ್ನ ಯಾರ ಕೈಲೂ ಗುಳಿಗಿ ತಗೊಳಂಗಿಲ್ಲ."