ಉಪವಾಸದ ಹುಡುಗಿ

"ತಗೊಳ್ಳಿ, ಪ್ರಸಾದ."

ಸಿಂಧೂರ ಕೈ ಹಿಂದಕ್ಕೆಳೆದುಕೊಂಡಳು. "ಬೇಡ... ಉಪವಾಸ."

ಪೀತಮ್‌ಪುರದ ದೇವಕಿಯಮ್ಮನ ಮನೆಯ ಭಜನೆಗೆ ಇಂದುಶೇಖರ ಬಂದ ಮೊದಲ ಭಾನುವಾರ ಅದು. ತಲೆಯೆತ್ತಿ ನೋಡಿದ ಅವಳ ಕಣ್ಣುಗಳಲ್ಲಿ, ಪ್ರಸಾದ ಹಂಚುತ್ತಿದ್ದ ಅವನು ಅಲ್ಲೇ ಸಿಕ್ಕಿಬಿದ್ದ.

ಆಮೇಲೆ ಪ್ರತಿ ಭಾನುವಾರವೂ ಅದೇ ಕತೆ. ಹಾಡು ಮುಗಿದ ಮೇಲೆ ಬಾಲ್ಕನಿಯಲ್ಲಿ ಅವನೊಡನೆ ನಗುನಗುತ್ತ ಮಾತನಾಡುವಳು. ಎಲೆ ಹಾಕುವ ಹೊತ್ತಿಗೆ ಮಾಯವಾಗುವಳು.

"ಅಚ್ಛಾ, ನಮ್ಮ ಮನೇಲಿ ಒಬ್ಬರಾದ್ರೂ ಹೀಗೆ ಉಪವಾಸ ಇರ್ತಾರಾ?" ಎಂದು ದೇವಕಿಯಮ್ಮ ಹೊಗಳಿದಾಗಲೆಲ್ಲ ಸಿಂಧೂರಳ ಎದೆ ಕುಗ್ಗುತ್ತಿತ್ತು. ಅದು ಭಕ್ತಿಯಲ್ಲ, ಭಯ ಎಂಬುದು ದೇವರಿಗೊಬ್ಬನಿಗೇ ಗೊತ್ತು.

ಕರುಳಿನ ಆಪರೇಷನ್ ಆದಂದಿನಿಂದ ಅವಳ ಹೊಟ್ಟೆಗೆ ಅಂಟಿಸಿದ ಒಂದು ಚೀಲ. ಮಲ ಬಂದು ಸೇರುವುದು ಅದರಲ್ಲೇ. ಉಣ್ಣದಿದ್ದರೆ ಚೀಲ ಖಾಲಿ, ಖಾಲಿಯಿದ್ದರೆ ವಾಸನೆಯಿಲ್ಲ... ಹೀಗೆಂದುಕೊಂಡಿದ್ದಳು.

ಆ ಚಳಿಗಾಲದ ಭಾನುವಾರ ಊರೆಲ್ಲ ಮಂಜಿನೊಡನೆ ಬೆರೆತ ಹೊಗೆ. ದೇವಕಿಯಮ್ಮನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಮೂಲೆಯಲ್ಲಿ ಏರ್ ಪ್ಯೂರಿಫೈಯರಿನ ನೀಲಿ ದೀಪ. ಇಂದುಶೇಖರ ಅವಳ ಪಕ್ಕಕ್ಕೇ ಬಂದು ಕೂತ.

"ನನ್ನ ಕೈಯಿಂದ ಒಂದು ತುತ್ತೂ ತಗೊಳ್ಳಲ್ಲ ನೀವು. ಅಷ್ಟು ಬೇಡವಾದೆನಾ? ಅಮ್ಮನ್ನ ನಿಮ್ಮನೆಗೆ ಕಳಿಸೋಣ ಅಂತಿದ್ದೆ. ಇಷ್ಟ ಇಲ್ಲ ಅಂದ್ರೆ ಇವತ್ತೇ ಹೇಳಿಬಿಡಿ. ಇನ್ನು ಬರಲ್ಲ."

ಸಿಂಧೂರ ಹೊಟ್ಟೆಯ ಮೇಲೆ ಕೈ ಒತ್ತಿದಳು. ಚೀಲ ಗಾಳಿ ತುಂಬಿ ಉಬ್ಬುತ್ತಿತ್ತು. ಅಂಟಿನ ಕೆಳಗೆ ಕೆಂಡ ಸವರಿದಂತೆ ಚರ್ಮ ಉರಿಯಿತು. ಅಯ್ಯೋ... ಅಂಟು ಬಿಟ್ಟುಕೊಂಡಿತೆ?

ಪ್ಯೂರಿಫೈಯರ್ ಭರ್ರೆಂದಿತು. ಗಾಳಿ ಕೆಟ್ಟಿದೆಯೆಂದು ನೀಲಿ ದೀಪ ಕೆಂಪಾಯಿತು.

"ಅರೇ, ಯಾರು ಬಾಗಿಲು ತೆಗೆದಿಟ್ರು? ಹೊಗೆ ಒಳಗೆ ಬಂತು ನೋಡಿ," ಎಂದರು ದೇವಕಿಯಮ್ಮ.

ಸಿಂಧೂರ ಎದ್ದವಳೇ ಬಚ್ಚಲುಮನೆಗೆ ಓಡಿ ಚಿಲಕ ಹಾಕಿದಳು. ಬದಲಿ ಚೀಲ... ಹೊರಗೆ, ಬ್ಯಾಗಿನಲ್ಲಿ!

ಬಾಗಿಲಾಚೆ ಅವನ ದನಿ. "ಸಿಂಧೂರ, ಏನಾಯ್ತು?"

ಹೇಳಿದರೆ ಇವನು ಹೋಗುತ್ತಾನೆ. ಹೇಳದೆ ಹೊರಬರುವುದಾದರೂ ಹೇಗೆ? ಕಣ್ಮುಚ್ಚಿ ದೇವರನ್ನು ನೆನೆದು ಎಲ್ಲವನ್ನೂ ಹೇಳಿಬಿಟ್ಟಳು.

"...ಊಟ ಬಿಟ್ರೆ ಗಾಳಿ ಜಾಸ್ತಿ, ನೀರುನೀರಾಗಿ ಬಂದು ಚರ್ಮ ಸುಡುತ್ತೆ ಅಂತ ನರ್ಸ್ ಹೇಳಿದ್ರು. ನಾನೇ ಕೇಳಲಿಲ್ಲ. ನನ್ನ ಬ್ಯಾಗ್ ತಂದುಕೊಡ್ತೀರಾ?"

ಹೆಜ್ಜೆ ಸದ್ದು ದೂರವಾಯಿತು. ಹೋಗಿಯೇಬಿಟ್ಟನೇ?

ನಡುಮನೆಯ ಕಿಟಕಿ ಕಿರ್ರೆಂದು ತೆರೆದುಕೊಂಡಿತು. "ಹೊಗೆ ಬರುತ್ತಪ್ಪಾ!" "ಬರಲಿ ಬಿಡಿ ಆಂಟಿ." ಮತ್ತೆ ಹೆಜ್ಜೆ ಸದ್ದು. ಅವಳು ಬಾಗಿಲನ್ನು ಒಂಚೂರು ಸರಿಸಿ ಬ್ಯಾಗು ತೆಗೆದುಕೊಂಡಳು.

"ನಿಜ ಹೇಳಿ. ವಾಸನೆ ಬಂತಾ?"

ಅಮ್ಮ, ಅಕ್ಕ, ಯಾರನ್ನು ಕೇಳಿದರೂ ಇಲ್ಲವೆಂದೇ ಹೇಳುತ್ತಿದ್ದರು. ಅವಳು ಯಾರನ್ನೂ ನಂಬಿರಲಿಲ್ಲ.

"ಬಂತು," ಅಂದ ಅವನು.

ಅವಳು ಬಾಗಿಲನ್ನು ಮತ್ತೆ ಮುಚ್ಚಿಕೊಂಡಳು.

"ಬಂತು, ಸಿಂಧೂರ. ಅದಕ್ಕೇ ಕಿಟಕಿ ತೆಗೆದೆ. ನೀವು ನಿಧಾನವಾಗಿ ಬನ್ನಿ, ನಾನಿಲ್ಲೇ ಇರ್ತೀನಿ."

ಹೊಸ ಚೀಲ ಅಂಟಿಸಿಕೊಂಡು ಹೊರಬಂದಾಗ, ಯಾರೂ ಅತ್ತ ಸುಳಿಯದಂತೆ ಅವನು ಬಾಗಿಲಿಗೆ ಬೆನ್ನುಹಾಕಿ ನೆಲದಲ್ಲೇ ಕೂತಿದ್ದ.

"ಮದುವೆ ಆದ್ಮೇಲೂ ಹೀಗೇ ನಿಜ ಹೇಳ್ತೀರಾ?"

ಅವನು ತಟ್ಟನೆ ಎದ್ದ. "ಅಂದ್ರೆ... ಅಮ್ಮನ್ನ ಕಳಿಸ್ಲಾ?"

ಸಿಂಧೂರ ಕಣ್ಣೊರೆಸಿಕೊಂಡಳು.

"ಕಳಿಸಿ. ಅದಕ್ಕೆ ಮೊದಲು ಊಟ ಹಾಕಿಸಿ... ತುಂಬಾ ಹಸಿವಾಗಿದೆ."